ಕಹಳೆಯವನ ಕೋಟು

ಗಡಿಯಾರಕ್ಕೆ ಇನ್ನೂ ಮುಳ್ಳು ಮೂಡಿರದ ಕಾಲದಲ್ಲಿ, ಬೆಟ್ಟದಾಚೆ ಒಬ್ಬ ರಾಜನಿದ್ದನಂತೆ. ಅವನಿಗೆ ದರ್ಜಿಯ ಮನೆಗೆ ಬರುವಷ್ಟು ಪುರುಸೊತ್ತಿಲ್ಲ, ದರ್ಜಿಗೆ ಅರಮನೆಯ ಮೆಟ್ಟಿಲು ಹತ್ತುವಷ್ಟು ಮೊಣಕಾಲಿಲ್ಲ. ಅದಕ್ಕೆ ರಾಜ ತನ್ನ ಮೈಯಳತೆಯನ್ನು ಒಂದು ಗಿಳಿಗೆ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದನಂತೆ. ಗಿಳಿ ದರ್ಜಿಯ ಕಿಟಕಿಯಲ್ಲಿ ಕೂತು, “ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು” ಎಂದು ಒಪ್ಪಿಸುತ್ತಿತ್ತು. “ಅಲ್ಲವೇ ಗಿಳಿಯೇ, ರಾಜ ಈಚೆಗೆ ಕುದುರೆ ಹತ್ತುತ್ತಾನೋ ಪಲ್ಲಕ್ಕಿಯೋ?” ಎಂದು ದರ್ಜಿ ಕೇಳಿದರೆ ಮತ್ತೆ ಮೊದಲಿನಿಂದ, “ಎದೆ ಇಷ್ಟು.”

ಇದು ನಮ್ಮಜ್ಜಿಯ ಕಥೆ. “ಆಮೇಲೆ?” ಅಂದರೆ, “ಆಮೇಲೆ ನಿನ್ನ ತಲೆ. ಬಾ ಇಲ್ಲಿ, ಗುಬ್ಬಿಗೂಡಾಗಿದೆ, ಬಾಚ್ತೀನಿ” ಎನ್ನುತ್ತಿದ್ದಳು. ಮುಂದೊಂದು ದಿನ ಆ ಗಿಳಿಯ ಕೆಲಸವೇ ನನಗೆ ಸಿಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನಾನಿರುವುದು ದಂಡಿನವರ ಬಟ್ಟೆ ಹೊಲಿಯುವ ಶೆಡ್ಡಿನಲ್ಲಿ. ನನ್ನ ಕಂಪ್ಯೂಟರನ್ನು ಇಸ್ತ್ರಿ ಮೇಜಿನ ಪಕ್ಕಕ್ಕೇ ಇಟ್ಟಿದ್ದಾರೆ. ಆವಿ ಬಂದು ಪರದೆಗೆ ಬಡಿದು ಅಕ್ಷರಗಳು ಮಂಜಿನೊಳಗೆ ಹೊಕ್ಕಂತೆ ಮಾಯವಾಗುತ್ತವೆ. ತೋಳಿನಿಂದ ಒರೆಸಿಕೊಂಡರೆ ಮತ್ತೆ ಪ್ರತ್ಯಕ್ಷ. ಎಲ್ಲೆಲ್ಲಿಯೋ ಇರುವ ಸಿಪಾಯಿಗಳು ತಮ್ಮ ಫೋನಿನಲ್ಲೇ ಫಾರಂ ತುಂಬುತ್ತಾರೆ. ತುಂಬದ ಚೌಕ ಕೆಂಪಗಿರುತ್ತದೆ, ತುಂಬಿದರೆ ಹಸಿರಾಗುತ್ತದೆ. ಕುತ್ತಿಗೆಯ ಅಳತೆಯನ್ನು ಸೊಂಟದ ಚೌಕದಲ್ಲಿ ಬರೆದು ಕಣಜದ ಹುಳುವಿನಂಥ ಸಣ್ಣ ನಡುವಿನ ಮನುಷ್ಯರನ್ನು ಸೃಷ್ಟಿಸುವವರೂ ಇದ್ದಾರೆ. ಅಂಥವನ್ನು ಹಿಂದಕ್ಕೆ ಕಳಿಸಿ, ಸರಿಯಿದ್ದದ್ದನ್ನು ಮುದ್ರಿಸಿ ಕತ್ತರಿ ಮಾವನ ಮೇಜಿಗೆ ಹಾಕುವುದು ನನ್ನ ಕೆಲಸ.

ಕತ್ತರಿ ಮಾವ ಯಾರಿಗೂ ಮಾವನಲ್ಲ, ಇಡೀ ಶೆಡ್ಡಿಗೆ ಮಾವ. ಮೊದಲೆಲ್ಲ ಸಿಪಾಯಿಗಳು ತಾವೇ ಬಂದು ಅವನೆದುರು ಕೈಯಗಲಿಸಿ ನಿಲ್ಲುತ್ತಿದ್ದರಂತೆ. ಫಾರಂ ಬಂದ ಮೇಲೆ ಅವನಿಗೆ ಬಟ್ಟೆ ಸಿಗುತ್ತದೆ, ಜನ ಸಿಗುವುದಿಲ್ಲ. “ಮುಖ ನೋಡದೆ ಮದುವೆ ಮಾಡ್ದಂಗೆ ಕಣಮ್ಮ ಇದು. ಸಂಸಾರ ಹೆಂಗೆ ನಡೀತಿದೆ ಅಂತ ಯಾರೂ ಬಂದು ಹೇಳಲ್ಲ” ಎಂದು ನನ್ನನ್ನೇ ಗುರಾಯಿಸುತ್ತಿದ್ದ, ಫಾರಂ ಕಂಡುಹಿಡಿದವಳು ನಾನೇ ಎಂಬಂತೆ.

ನನ್ನಣ್ಣನೂ ದಂಡಿನಲ್ಲೇ ಇದ್ದಾನೆ, ಬ್ಯಾಂಡಿನಲ್ಲಿ. ಕಹಳೆ ಊದುತ್ತಾನೆ, ಹಿಂದಿನ ಸಾಲಿನಲ್ಲಿ ನಿಂತು, ಬೇರೆಯವರ ಶಬ್ದದೊಳಗೆ ಶಬ್ದವಾಗಿ. ವರ್ಷಕ್ಕೊಮ್ಮೆ, ಸತ್ತವರ ಹೆಸರು ಕೆತ್ತಿದ ಕಲ್ಲಿನ ಮುಂದೆ ಇಡೀ ದಂಡು ನಿಂತಾಗ ಮಾತ್ರ ಬ್ಯಾಂಡು ಸುಮ್ಮನಾಗಿ ಒಂದೇ ಒಂದು ಕಹಳೆ ಮೊಳಗುತ್ತದೆ. ಈ ವರ್ಷ ಆ ಕಲ್ಲಿಗೆ ಹೊಸದಾಗಿ ಸೇರುವ ಹೆಸರು ಉದ್ದಣ್ಣನದು. ಅಣ್ಣನ ಪಕ್ಕದ ಮಂಚದವನು, ಮಂಚದಿಂದಾಚೆ ಕಾಲು ಚಾಚಿ ಮಲಗುವಷ್ಟು ಉದ್ದ. ಅಣ್ಣನಿಗೆ ಕಹಳೆಯ ಮೇಲೆ ತುಟಿಯಿಡಲು ಕಲಿಸಿದವನೇ ಅವನು.

“ಈ ಸಲ ನಾನೇ ಊದ್ತೀನಿ ಅಂತ ಕೇಳ್ಕೊಂಡೆ. ಬ್ಯಾಂಡ್ ಮಾಸ್ಟರ್ ಹೂಂ ಅಂದ್ರು” ಎಂದು ರಜೆಗೆ ಬಂದವನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿದ. ಅಜ್ಜಿ ಅವನ ಬೆನ್ನ ಮೇಲೆ ಕೈಯಿಟ್ಟಳು. “ಅವನ ಅಮ್ಮ ಬರ್ತಾರಂತೆ, ಅಜ್ಜಿ. ಮುಂದಿನ ಸಾಲಲ್ಲಿ ಕೂರ್ತಾರೆ.”

“ಅದಕ್ಕೆ ಹೊಸ ಕೋಟು ಬೇಕಲ್ಲ?” ಎಂದೆ ನಾನು.

“ಬೇಕು. ಹಳೇದು ಮೊಣಕೈಯಲ್ಲಿ ಕನ್ನಡಿ ಥರ ಹೊಳೀತಿದೆ.”

“ನಾನಿದೀನಲ್ಲೋ. ಕೊನೇ ಸ್ವರ ಮುಗಿಯೋವರೆಗೂ ಮೈ ಮೇಲೆ ಕೋಟಿದೆ ಅಂತಾನೇ ನಿಂಗೆ ಗೊತ್ತಾಗಬಾರದು, ಹಂಗೆ ಹೊಲಿಸಿಕೊಡ್ತೀನಿ. ಮಾತು ಅಂದ್ರೆ ಮಾತು.”

“ಕನಸಲ್ಲಿ ಹೊಲಿಸಬೇಡ ಮತ್ತೆ” ಎಂದು ಅಣ್ಣ ನನ್ನ ಜಡೆ ಎಳೆದ. ಅಳತೆಯನ್ನು ಅಲ್ಲೇ ತೆಗೆದುಬಿಡಬಹುದಿತ್ತು. ಆದರೆ ದಳದ ಒಬ್ಬ ಸಾಕ್ಷಿಯ ಎದುರೇ ಅಳೆಯಬೇಕೆಂಬುದು ಫಾರಂನ ಕಟ್ಟಳೆ.

ಹಾಗಾಗಿ ಅವನು ಹೋಗಿ, ಬ್ಯಾಂಡಿನ ಡೋಲಿನವನನ್ನು ಸಾಕ್ಷಿ ಮಾಡಿಕೊಂಡು ಫಾರಂ ತುಂಬಿದ. ಚೌಕಗಳೆಲ್ಲ ಹಸಿರು. ಕತ್ತರಿ ಮಾವ ಕತ್ತರಿಸಿದ, ಮಷೀನಿನವರು ಹೊಲಿದರು, ಗುಂಡಿ ಅಕ್ಕ ಹಿತ್ತಾಳೆಯ ಗುಂಡಿಗಳನ್ನು ಒಂದೊಂದೇ ಹಾಕಿ ದಾರ ಕಚ್ಚಿ ತುಂಡರಿಸಿದಳು. ಕೋಟು ಹೋಯಿತು. ಅಣ್ಣನ ಫೋಟೊ ಬಂತು. ಗುಂಡಿಗಳ ಸಾಲು ನೇರವಾಗಿ ಇಳಿದಿತ್ತು, ಸೊಂಟದ ಹತ್ತಿರ ಒಂದು ಸುಕ್ಕಿಲ್ಲ. ಇಡೀ ಶೆಡ್ಡಿಗೆ ತೋರಿಸಿದೆ. “ಗೊಂಬೆಗೆ ಹಾಕ್ದಂಗಿದೆ” ಎಂದಳು ಗುಂಡಿ ಅಕ್ಕ.

ಮಾರನೆಯ ದಿನ ಫೋನು.

“ಪುಟ್ಟಿ, ಊದಕ್ಕಾಗ್ತಿಲ್ಲ ಕಣೆ.”

“ಏನಾಯ್ತೋ? ತುಟಿ ಒಡೆದಿದ್ಯಾ?”

“ತುಟಿ ಅಲ್ಲ, ಕೋಟು. ಕನ್ನಡಿ ಮುಂದೆ ನಿಂತ್ರೆ ಸೇನಾಪತಿ ಥರ ಕಾಣ್ತೀನಿ. ಉಸಿರು ಎಳ್ಕೊಂಡ್ರೆ ಹೊಟ್ಟೆಗೆ ಯಾರೋ ಹಗ್ಗ ಬಿಗಿದಂಗಾಗುತ್ತೆ. ಕೊನೇ ಸ್ವರ ಅರ್ಧಕ್ಕೇ ಸತ್ತುಹೋಗುತ್ತೆ.”

ಕಹಳೆಯವರು ಎದೆಯಿಂದ ಊದುತ್ತಾರೆಂದು ನಾನು ತಿಳಿದಿದ್ದೆ. ಅಲ್ಲವಂತೆ. ಹೊಟ್ಟೆಯ ತಳದವರೆಗೆ ಗಾಳಿ ತುಂಬಿಕೊಂಡು, ಅದನ್ನು ಜಿಪುಣನ ಹಾಗೆ ಸ್ವಲ್ಪಸ್ವಲ್ಪವೇ ಬಿಡಬೇಕಂತೆ.

“ಯೋಚನೆ ಮಾಡ್ಬೇಡ, ತಿದ್ದುಪಡಿ ಫಾರಂ ಇದೆ” ಎಂದೆ. ಅವನು ‘ಬಿಗಿಯಾಗಿದೆ’ ಎಂಬ ಕಾರಣವನ್ನು ಆರಿಸಿ, ಹೊಸದಾಗಿ ಅಳೆದು ಕಳಿಸಿದ. ಉತ್ತರ ನನ್ನ ಪರದೆಯ ಮೇಲೂ ಬಂತು: ಹಿಂದಿನ ಅಳತೆಗೂ ಈಗಿನದಕ್ಕೂ ವ್ಯತ್ಯಾಸವಿಲ್ಲ. ಕೋರಿಕೆ ತಿರಸ್ಕೃತ.

ಮತ್ತೆ ಅಳೆದ. ಮತ್ತೆ ಅದೇ ಅಳತೆ, ಅದೇ ತಿರಸ್ಕಾರ. ಸಮಾರಂಭ ಹತ್ತಿರವಾಗುತ್ತಿತ್ತು. ನನಗೆ ಕೂತರೆ ಕುರ್ಚಿ ಚುಚ್ಚುತ್ತಿತ್ತು, ನಿಂತರೆ ನೆಲ. ಪರದೆಯನ್ನು ಒರೆಸಿ ಒರೆಸಿ ನೋಡುತ್ತಿದ್ದೆ, ಆವಿಯ ಹಿಂದೆ ಬೇರೇನಾದರೂ ಬರೆದಿರಬಹುದೇ ಎಂದು. ಸಹಾಯದ ನಂಬರಿಗೆ ಫೋನು ಮಾಡಿದರೆ ಒಂದು ಹೆಣ್ಣುದನಿ, “ಎದೆಯ ಅಳತೆಗಾಗಿ ಒಂದನ್ನು ಒತ್ತಿ” ಎಂದಿತು. ಒತ್ತಿದೆ. ಮತ್ತೆ ಮೊದಲಿನಿಂದ ಶುರುಮಾಡಿತು.

“ಕೂತ್ಕೊಳೇ ಮಾರಾಯ್ತಿ, ನೀನು ಓಡಾಡಿದ್ರೆ ನನ್ನ ಕಾಲು ನೋಯುತ್ತೆ” ಎಂದಳು ಅಜ್ಜಿ ಮನೆಯಲ್ಲಿ.

“ಅಣ್ಣ ಸುಳ್ಳು ಹೇಳ್ತಿಲ್ಲ, ಟೇಪೂ ಸುಳ್ಳು ಹೇಳ್ತಿಲ್ಲ. ಇಬ್ಬರೂ ಸತ್ಯ ಹೇಳಿದ್ರೆ ಕೋಟ್ಯಾಕೆ ಹಿಡೀಬೇಕು ಅಜ್ಜಿ?”

“ಅಲ್ಲಿ ಹೋಗಿ ನೋಡು. ನನ್ನ ಕೇಳಿದ್ರೆ?”

ಹೋಗಲು ಅಪ್ಪಣೆಯಿಲ್ಲ, ನೋಡಲು ಫೋನಿದೆ. ಮಧ್ಯಾಹ್ನ ಊಟದ ಹೊತ್ತಿಗೆ ವಿಡಿಯೋ ಕರೆ ಮಾಡಿ, “ನನ್ನ ಮುಂದೆ ಅಳತೆ ತೆಗೀರಿ” ಎಂದೆ. ಡೋಲಿನವನು ಜೇಬಿನಿಂದ ಟೇಪು ತೆಗೆದ. ಅಷ್ಟೇ. ಅಣ್ಣನ ಹಿಮ್ಮಡಿಗಳು ಟಕ್ಕನೆ ಕೂಡಿಕೊಂಡವು, ಗದ್ದ ಮೇಲೆದ್ದಿತು, ಎದೆ ಮುಂದೆ ಬಂತು, ಹೊಟ್ಟೆ ಬೆನ್ನಿಗೆ ಅಂಟಿತು. ಅಟೆನ್ಷನ್! ಯಾರೂ ಹೇಳಿರಲಿಲ್ಲ. ದಂಡಿಗೆ ಸೇರಿದ ಮೊದಲ ದಿನ ಎತ್ತರ ಅಳೆದಾಗ ಹಾಗೆ ನಿಂತವನು, ಟೇಪು ಕಂಡಾಗಲೆಲ್ಲ ಹಾಗೇ ನಿಲ್ಲುತ್ತಿದ್ದ.

“ಉಸಿರು ಬಿಡೋ!”

“ಬಿಟ್ಟಿದೀನಿ” ಎಂದ, ಹಲ್ಲುಗಳ ಸಂದಿಯಿಂದ.

“ಆರಾಮಾಗಿ ನಿಲ್ಲು.”

ಅವನು ಎಡಗಾಲನ್ನು ಪಕ್ಕಕ್ಕಿಟ್ಟು, ಕೈಗಳನ್ನು ಹಿಂದೆ ಕಟ್ಟಿದ. ಅದು ಸ್ಟ್ಯಾಂಡ್ ಅಟ್ ಈಸ್. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಡೋಲಿನವನು ಬಿದ್ದುಬಿದ್ದು ನಕ್ಕ. “ಇವನಿಗೆ ಆರಾಮನ್ನೂ ಕವಾಯತಲ್ಲೇ ಕಲಿಸಿದಾರೆ ತಂಗಿ!”

“ನೀನೂ ಹಾಗೇ ನಿಂತಿದೀಯಲ್ಲೋ ಟೇಪ್ ಹಿಡ್ಕೊಂಡು” ಎಂದ ಅಣ್ಣ. ಡೋಲಿನವನು ತನ್ನ ಕಾಲು ನೋಡಿಕೊಂಡ. ನಿಜವೇ.

“ಅಣ್ಣ, ಬ್ಯೂಗಲ್ ತಗೋ. ಊದು. ಡೋಲಣ್ಣ, ಅವನು ಊದುವಾಗ ಅಳೀರಿ.”

ಅಣ್ಣ ಉಸಿರೆಳೆದುಕೊಂಡ. ಡೋಲಿನವನ ಬೆರಳುಗಳ ನಡುವಿನಿಂದ ಟೇಪು ಸರ್ರನೆ ಜಾರಿತು. “ಅಯ್ಯೋ ಶಿವನೇ! ಇವನ ಹೊಟ್ಟೇಲಿ ಇನ್ನೊಬ್ಬ ಬಾಡಿಗೆಗಿದಾನೆ!”

ಆ ಅಳತೆಯನ್ನು ಕಳಿಸಿದರು. ಎಲ್ಲ ಮುಗಿಯಿತೆಂದುಕೊಂಡು ನಾನು ಅವತ್ತು ಇಸ್ತ್ರಿಯವನ ಹಾಡಿಗೆ ತಾಳ ಹಾಕುತ್ತಾ ಕೆಲಸ ಮಾಡಿದೆ. ಸಂಜೆ ಹೊರಡುವ ಮುಂಚೆ ಉತ್ತರ ಬಂತು: ಸೊಂಟದ ಅಳತೆ ಮಿತಿ ಮೀರಿ ಹೆಚ್ಚಿದೆ. ವೈದ್ಯಕೀಯ ವಿಭಾಗಕ್ಕೆ ತಿಳಿಸಲಾಗಿದೆ.

ಬೆಳಿಗ್ಗೆಯೇ ಅಣ್ಣನನ್ನು ಡಾಕ್ಟರ ಬಳಿಗೆ ಕರೆಸಿದರು. ಡಾಕ್ಟರು ಟೇಪು ತೆಗೆದರು. ಟೇಪು ಕಂಡು ಅಣ್ಣ ಏನು ಮಾಡಿದ ಎಂದು ನಾನು ಹೇಳಬೇಕಾಗಿಲ್ಲ. ಸೊಂಟ ಮೊದಲಿನಷ್ಟೇ ಬಂತು. ಸುದ್ದಿ ಬ್ಯಾಂಡ್ ಮಾಸ್ಟರರ ಕಿವಿಗೆ ಬಿತ್ತು.

“ಒಂದೋ ನೀನು ದಪ್ಪ, ಇಲ್ಲಾಂದ್ರೆ ಸುಳ್ಳುಗಾರ, ಯಾವುದು ಹೇಳು ಅಂದ್ರು” ಎಂದ ಅಣ್ಣ ಫೋನಿನಲ್ಲಿ. ಅವನ ದನಿಯಲ್ಲಿ ಸತ್ವವಿರಲಿಲ್ಲ. “ಹಳೇ ಕೋಟು ಹಾಕೋ ಹಾಗಿಲ್ಲ. ಕೊನೇ ತಾಲೀಮಲ್ಲಿ ಹೊಸ ಕೋಟಲ್ಲೇ ಊದಬೇಕು. ಸ್ವರ ಮುರಿದ್ರೆ ರೆಕಾರ್ಡಿಂಗ್ ಹಾಕ್ತಾರಂತೆ. ಸ್ಪೀಕರ್ ಕಟ್ಟಿ ಆಗಿದೆ ಆಗಲೇ.”

“ರೆಕಾರ್ಡಿಂಗಾ? ಉದ್ದಣ್ಣಂಗಾ?”

“ಅವನಮ್ಮ ಬಂದು ಕೂತು ಡಬ್ಬಿಯೊಳಗಿನ ಬ್ಯೂಗಲ್ ಕೇಳಬೇಕು.” ಅವನು ಕಹಳೆಯ ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು. “ಇನ್ನು ಫಾರಂ ಗೀರಂ ಏನೂ ಬೇಡ ಪುಟ್ಟಿ. ನೀನು ಸಹಾಯ ಮಾಡಿದಷ್ಟೂ ನಾನು ಮುಳುಗ್ತಿದೀನಿ.”

ಫೋನಿಟ್ಟು ಶೆಡ್ಡಿನಲ್ಲಿ ಮೇಜಿಂದ ಮೇಜಿಗೆ ಅಲೆದೆ. ಇಸ್ತ್ರಿಯವನು, “ಸುಟ್ಕೋತೀಯ, ಆಚೆ ಹೋಗು” ಎಂದ. ಕತ್ತರಿ ಮಾವನಿಗೆ ವಿಷಯ ಹೇಳಿದೆ. ಅವನು ತಲೆಯೆತ್ತಲಿಲ್ಲ. “ಫಾರಂ ಹೇಳಿದ್ದನ್ನ ಹೊಲ್ದಿದೀನಿ. ಫಾರಂ ಬೇರೆ ಹೇಳಿದ್ರೆ ಬೇರೆ ಹೊಲೀತೀನಿ. ಸುಮ್ಮಸುಮ್ಮನೆ ದಂಡಿನ ಬಟ್ಟೆ ಬಿಚ್ಚಿದ್ರೆ ನನ್ನ ಕತ್ತರಿ ಕಿತ್ಕೋತಾರೆ.”

ಮತ್ತೆ ನನ್ನ ಜಾಗಕ್ಕೆ ಬಂದು ತಿದ್ದುಪಡಿ ಫಾರಂ ತೆರೆದು, ಕಾರಣಗಳ ಪಟ್ಟಿಯನ್ನು ಸುಮ್ಮನೆ ಮೇಲೆ ಕೆಳಗೆ ಉರುಳಿಸುತ್ತಾ ಕೂತೆ. ಬಿಗಿ, ಸಡಿಲ, ಉದ್ದ, ಗಿಡ್ಡ, ಬಣ್ಣ ಬಿಟ್ಟಿದೆ. ಎಲ್ಲದಕ್ಕೂ ಒಂದಲ್ಲ ಒಂದು ಚೌಕ ಕೆಂಪಗೆ ಬಾಯ್ದೆರೆಯುತ್ತಿತ್ತು. ಕಟ್ಟಕಡೆಯದು ಮಾತ್ರ ಏನನ್ನೂ ಕೇಳಲಿಲ್ಲ. ಗುಂಡಿ ಬಿದ್ದಿದೆ. ಅಷ್ಟೇ. ಅಳತೆಯಿಲ್ಲ, ಪರಿಶೀಲನೆಯಿಲ್ಲ.

“ಅಕ್ಕಾ, ಗುಂಡಿ ಬಿದ್ದ ಕೋಟಿಗೆ ಯಾರ ಅಪ್ಪಣೆ ಬೇಕು?” ಎಂದು ಕೂಗಿದೆ.

“ಗುಂಡಿಗೆ ಯಾವ ದೊರೆ ಅಪ್ಪಣೇನೇ? ನೇರ ನನ್ನ ಮಡಿಲಿಗೇ ಬರುತ್ತೆ” ಎಂದಳು ಗುಂಡಿ ಅಕ್ಕ.

ನಾನು ಹೊರಗೆ ಓಡಿ, ಸೈಕಲ್ಲುಗಳ ನಡುವೆ ನಿಂತು ಅಣ್ಣನಿಗೆ ಫೋನು ಮಾಡಿದೆ. “ಒಂದೇ ಒಂದು ಗುಂಡಿ ಕಿತ್ತುಹಾಕು.”

“ತಲೆ ಸರಿಯಿದ್ಯಾ? ದಂಡಿನ ಗುಂಡಿ ಕೀಳೋದಾ? ಬೇಕಾದ್ರೆ ನನ್ನ ಹಲ್ಲು ಕಿತ್ಕೋ.”

“ಹಲ್ಲಿಗೆ ಫಾರಂ ಇಲ್ಲ ಕಣೋ!”

“ಆಗಲ್ಲ ಪುಟ್ಟಿ. ಕಿತ್ತು, ‘ಬಿತ್ತು’ ಅಂತ ಬರೆಯೋದು ಸುಳ್ಳು. ಆಗಲೇ ಸುಳ್ಳುಗಾರ ಅನ್ನಿಸ್ಕೊಂಡಿದೀನಿ.”

ಅವನು ಹಾಗೇ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಲ್ಲೂ ಇಣುಕುತ್ತಿರಲಿಲ್ಲ. ಸಂಜೆಯವರೆಗೂ ಗೋಡೆಗೆ ಮುಖವಿಟ್ಟು ನಿಂತಿರುತ್ತಿದ್ದ, ನಾವು ಊಟ ಮಾಡುತ್ತಿದ್ದೆವು. ನಾನು ಸೈಕಲ್ಲಿನ ಗಂಟೆಯನ್ನು ತಿರುಗಿಸುತ್ತಾ ಯೋಚಿಸಿದೆ.

“ಅಣ್ಣ, ಆ ಕೋಟಲ್ಲಿ ಹೇಗೆ ಊದ್ತಿದೀಯ ಈಗ?”

“ಹುಷಾರಾಗಿ. ಅರ್ಧ ಉಸಿರು ತಗೊಂಡು. ಹೊಲಿಗೆ ಬಿಟ್ಟುಕೊಂಡ್ರೆ ಅಂತ.”

“ಹಂಗಾದ್ರೆ ಕೀಳಬೇಡ. ಬೇರೇನೂ ಮಾಡಬೇಡ. ಕೋಟನ್ನ ಕಾಯೋದು ಬಿಟ್ಟು ಊದು. ಉದ್ದಣ್ಣ ಹೇಳಿಕೊಟ್ಟ ಹಾಗೆ, ಹೊಟ್ಟೆ ತುಂಬ. ಅದು ನಿನ್ನ ಕೆಲಸ ತಾನೆ?”

ಅವನು ಫೋನಿಟ್ಟ. ಶೆಡ್ಡಿನೊಳಗೆ ಬಂದವಳಿಗೆ ಒಂದು ಫಾರಂ ಕೂಡ ಓದಲಾಗಲಿಲ್ಲ. ಆಮೇಲೆ ಫೋನು ಕುಣಿಯಿತು.

“ಗುಂಡಿ ಹಾರ್ತು” ಎಂದ ಅಣ್ಣ, ನಂಬಲಾಗದವನ ಹಾಗೆ. ಹಿಂದಿನಿಂದ ಡೋಲಿನವನ ಕೂಗು: “ನನ್ನ ಡೋಲಿಗೇ ಬಂದು ಬಡೀತು ತಂಗಿ! ಢಂ ಅಂತು! ಗುಂಡೇಟೇ ಅಂದ್ಕೊಂಡೆ!”

ಫಾರಂ ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಕೊಂಡಿತು. ಕೋಟನ್ನು ತೊಡುವವನೇ ತಂದುಕೊಟ್ಟು ಒಯ್ಯಬಹುದೆಂದೂ ಹೇಳಿತು. ಕೊನೆಯ ತಾಲೀಮಿನ ಹಿಂದಿನ ದಿನ ಬೆಳಿಗ್ಗೆ ಅಣ್ಣ ಕಂಕುಳಲ್ಲಿ ಕೋಟಿನ ಚೀಲ, ಕೈಯಲ್ಲಿ ಕಹಳೆಯ ಪೆಟ್ಟಿಗೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತ. ಎಷ್ಟೋ ಕಾಲದ ಮೇಲೆ ಒಬ್ಬ ಸಿಪಾಯಿ ಒಳಗೆ ಬಂದಿದ್ದ. ಮಷೀನಿನವರೆಲ್ಲ ಇಣುಕಿ ನೋಡಿದರು.

ಗುಂಡಿ ಅಕ್ಕ ಕೋಟನ್ನು ಮಡಿಲಿಗೆ ಹಾಕಿಕೊಂಡು, ದಾರ ಹರಿದ ಜಾಗವನ್ನು ಬೆರಳಿಂದ ತಡವಿದಳು. “ನನ್ನ ದಾರ ಇದುವರೆಗೂ ಹರಿದಿಲ್ಲ. ಇಲ್ಲೇ ಹಾಕಿದ್ರೆ ನಾಳೆ ಮತ್ತೆ ಹಾರುತ್ತೆ ಮಾವ.”

“ಗುಂಡಿ ಹಾಕು ಅಂತ ಬಂದಿದೆ, ಗುಂಡಿ ಹಾಕು” ಎಂದ ಕತ್ತರಿ ಮಾವ.

ನನಗೆ ಸಿಟ್ಟು ನೆತ್ತಿಗೇರಿತು. “ಜನ ಬರಲ್ಲ, ಜನ ಬರಲ್ಲ ಅಂತ ದಿನಾ ಅಳ್ತೀರಲ್ಲ. ಬಂದಿದಾನೆ ನೋಡಿ. ಈಗ ನೋಡಲ್ವಾ?”

ಮಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಆಮೇಲೆ ಕುತ್ತಿಗೆಗೆ ಹಾಕಿಕೊಂಡಿದ್ದ ಟೇಪನ್ನು ಕೈಗೆ ತೆಗೆದುಕೊಂಡ. ಟಕ್! ಅಣ್ಣ ಅಟೆನ್ಷನ್. ಇಡೀ ಶೆಡ್ಡು ಘೊಳ್ಳೆಂದಿತು. ಮಾವನಿಗೂ ಮೀಸೆಯಡಿಯಲ್ಲಿ ನಗು ಬಂತು. ಟೇಪನ್ನು ಮೇಜಿನ ಮೇಲೆಸೆದು, ಬರಿಗೈಯನ್ನು ಅಣ್ಣನ ಪಕ್ಕೆಗಳ ಮೇಲಿಟ್ಟ. “ಊದಪ್ಪ.”

ಅಣ್ಣ ಕಲ್ಲಿನ ಮುಂದೆ ಊದುವುದನ್ನು ಅಲ್ಲಿ ಊದಲಿಲ್ಲ. ಬೆಳಿಗ್ಗೆ ಸಿಪಾಯಿಗಳನ್ನು ಎಬ್ಬಿಸುವ ಕರೆ ಊದಿದ. ತಗಡಿನ ಮಾಡು ನಡುಗಿತು. ಮಷೀನುಗಳು ಒಂದೊಂದಾಗಿ ನಿಂತವು. ಮಾವ ಕಣ್ಣು ಮುಚ್ಚಿದ್ದ. ಅವನ ಕೈಗಳು ಅಣ್ಣನ ಉಸಿರಿನ ಜೊತೆ ಅಗಲವಾಗಿ, ಮತ್ತೆ ಹತ್ತಿರವಾಗಿ, ಮತ್ತೆ ಅಗಲವಾದವು.

“ಇಷ್ಟು” ಎಂದ ಮಾವ, ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ಮೇಜಿನವರೆಗೆ ನಡೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. “ಗುಂಡಿ ಮತ್ತೆ ಹಾರದಂಗೆ ಹಾಕೋದೂ ಗುಂಡಿ ಕೆಲಸಾನೇ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ.”

ಪಕ್ಕದ ಹೊಲಿಗೆಗಳನ್ನು ಬಿಚ್ಚಿದ. ಒಳಗೆ ಮಡಿಸಿ ಬಿಟ್ಟಿದ್ದ ಬಟ್ಟೆ ಸಾಲಲಿಲ್ಲ. ಅದೇ ಬಟ್ಟೆಯ ಥಾನಿನ ತುಂಡೊಂದನ್ನು ಹುಡುಕಲು ನಾನು ಚಿಂದಿಯ ಮೂಟೆಗಳನ್ನೆಲ್ಲ ನೆಲಕ್ಕೆ ಸುರಿದೆ. ಒಂದರ ಬಣ್ಣ ತುಸು ಹೆಚ್ಚು ಕಪ್ಪು, ಇನ್ನೊಂದಕ್ಕೆ ಎಣ್ಣೆ ಕಲೆ. ಕೊನೆಗೆ ಸಿಕ್ಕಿತು. ಕೋಟಿನ ಮೇಲೆ ಸಡಿಲವಾಗಿ ಕಟ್ಟುವ ಬೆಲ್ಟಿನ ಅಡಿಯಲ್ಲಿ, ಎರಡೂ ಪಕ್ಕೆಗೆ, ನಿಂತಾಗ ಮುಚ್ಚಿಕೊಂಡು ಉಸಿರೆಳೆದಾಗ ತೆರೆದುಕೊಳ್ಳುವ ಹಾಗೆ ಮಾವ ಮಡಿಕೆ ಕೂರಿಸಿದ. ಅಣ್ಣ ಮೂಲೆಯ ಸ್ಟೂಲಿನ ಮೇಲೆ ಬನಿಯನ್ನಿನಲ್ಲಿ ನೆಟ್ಟಗೆ ಕೂತಿದ್ದ. ನಾನು ಸೂಜಿಗೆ ದಾರ ಪೋಣಿಸಲು ಹೋಗಿ ಮತ್ತೆ ಮತ್ತೆ ತಪ್ಪಿದೆ. “ಕೊಡು ಇಲ್ಲಿ, ನಿನ್ನ ಕೈಯಲ್ಲಿ ಸೂಜಿಗೂ ತಲೆ ತಿರುಗುತ್ತೆ” ಎಂದು ಗುಂಡಿ ಅಕ್ಕ ಕಿತ್ತುಕೊಂಡಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಣ್ಣ ಕೋಟು ತೊಟ್ಟು ನಿಂತ. ಸುಕ್ಕಿಲ್ಲ. ಕಹಳೆಯೆತ್ತಿ ಉಸಿರೆಳೆದ. ಬೆಲ್ಟಿನಡಿಯ ಮಡಿಕೆಗಳು ಮೀನಿನ ಕಿವಿರಿನ ಹಾಗೆ ಮೆಲ್ಲನೆ ಬಿಚ್ಚಿಕೊಂಡವು. ಆದರೆ ತಾಲೀಮು ಇನ್ನೂ ಇತ್ತು, ಬ್ಯಾಂಡ್ ಮಾಸ್ಟರರು ಇದ್ದರು, ಸ್ಪೀಕರೂ ಇತ್ತು.

ತಾಲೀಮಿನ ದಿನ ಅಣ್ಣ ಫೋನು ಮಾಡಲಿಲ್ಲ. ಡೋಲಿನವನು ಒಂದು ಸಾಲು ಕಳಿಸಿದ: ‘ಸ್ಪೀಕರ್ ಬಿಚ್ತಿದಾರೆ.’ ಅದನ್ನು ಓದಿ ಅಜ್ಜಿಗೆ ಹೇಳಿದೆ. “ಹಾಗಾದ್ರೆ ಇನ್ನಾದ್ರೂ ಕೂತ್ಕೋ” ಎಂದಳು. ಆದರೂ ಕೂರಲಾಗಲಿಲ್ಲ. ನಾನು ಕೊಟ್ಟ ಮಾತು ತಾಲೀಮಿನದಾಗಿರಲಿಲ್ಲ.

ಸಮಾರಂಭದ ಬೆಳಿಗ್ಗೆ ನಾವಿಬ್ಬರೂ ಹಗ್ಗದಾಚೆ ಜನರ ನಡುವೆ ನಿಂತಿದ್ದೆವು. ಹೊಸದಾಗಿ ಕೆತ್ತಿದ ಹೆಸರು ಹಳೆಯವಕ್ಕಿಂತ ಬೆಳ್ಳಗಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಿದ್ದರು. ಅವರೂ ತುಂಬ ಉದ್ದ. ಹೆಸರುಗಳನ್ನು ಓದಿದರು. ಬ್ಯಾಂಡು ಸುಮ್ಮನಾಯಿತು. ಅಣ್ಣ ಸಾಲಿನಿಂದ ಹೊರಬಂದು ಕಲ್ಲಿನ ಪಕ್ಕ ನಿಂತ.

ಅವನು ಉಸಿರೆಳೆದ. ನಾನು ಅವನ ಬೆಲ್ಟನ್ನೇ ನೋಡುತ್ತಿದ್ದೆ. ಅಜ್ಜಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

ಸ್ವರ ಏರಿತು, ತಿರುಗಿತು, ಇಳಿಯಿತು, ಮತ್ತೆ ಏರಿತು. ಕೊನೆಯದು ಬಂತು. ಅದು ಮೈದಾನ ದಾಟಿ, ಹಿಂದಿನ ಕಟ್ಟಡಗಳಿಗೆ ತಾಕಿ, ಇನ್ನೂ ನಿಂತಿತ್ತು. ಮುಂದಿನ ಸಾಲಿನ ಆ ತಾಯಿ ಕೈಚೀಲವನ್ನು ಬಿಟ್ಟು ಮುಖ ಮೇಲೆತ್ತಿದರು. ಅಣ್ಣ ತನ್ನೊಳಗಿನ ಉಸಿರಿನ ಕೊನೆಯ ಎಳೆಯನ್ನೂ ಕೊಟ್ಟು ಮುಗಿಸಿ ಕಹಳೆಯನ್ನು ಕೆಳಗಿಳಿಸಿದ.